ಆರು ಜನ, ಒಂದು ನೋಟ್‌ಬುಕ್, ಕೊನೇ ಬಸ್ಸು: ನಮ್ಮೂರಿಂದ ಸಿನಿಮಾ ಪತ್ರಕರ್ತರನ್ನು ಬೆಳೆಸುವ ಬಗೆ

ಸಿನಿಮಾ ಬಿಟ್ಟಿತ್ತು. ಹಾಸನದ ಟಾಕೀಸಿನ ಎದುರು ಟೀ ಕುಡಿಯುತ್ತಾ ನಿಂತಿದ್ದೆವು. "ಮಲೆನಾಡು ಏನ್ ಚೆನ್ನಾಗಿ ತೋರಿಸಿದ್ದಾರೆ" ಅಂತ ಎಲ್ಲರೂ ಹೇಳುತ್ತಿದ್ದರು. ಸಕಲೇಶಪುರ ಕಡೆಯ ಹುಡುಗಿಯೊಬ್ಬಳು ಮಾತ್ರ ಸುಮ್ಮನಿದ್ದಳು. ಕೇಳಿದ್ದಕ್ಕೆ ಹೇಳಿದಳು: "ಸರ್, ಕಾಫಿ ಹಣ್ಣು ಕೀಳೋರು ಬೆನ್ನಿಗೆ ಬುಟ್ಟಿ ಹಾಕ್ಕೊಳ್ಳಲ್ಲ. ಸೊಂಟಕ್ಕೆ ಚೀಲ ಕಟ್ಕೋತಾರೆ. ಆ ಬುಟ್ಟಿ ಟೀ ತೋಟದ್ದು. ಮತ್ತೆ ಗಿಡದ ತುಂಬ ಹೂ ಇತ್ತು. ಹೂ ಬಿಟ್ಟಿರುವಾಗ ಹಣ್ಣು ಎಲ್ಲಿಂದ ಬರುತ್ತೆ?"

ಅವಳ ಅಮ್ಮ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಾರೆ. ಅವಳು ಹುಟ್ಟಿ ಬೆಳೆದಿದ್ದು ಲೈನ್ ಮನೆಯಲ್ಲಿ, ಅಂದರೆ ಎಸ್ಟೇಟಿನ ಕೂಲಿಯವರ ಸಾಲು ಮನೆಯಲ್ಲಿ. ಮರುದಿನ ಅವಳು ಕಳಿಸಿದ ವಿಮರ್ಶೆ ಓದಿದೆ. "ಪ್ರಕೃತಿ ಸೌಂದರ್ಯ ಕಣ್ಮನ ತಣಿಸುತ್ತದೆ" ಅಂತ ಶುರುವಾಗಿತ್ತು. ಬುಟ್ಟಿ ಇಲ್ಲ, ಹೂವಿಲ್ಲ. ಯಾಕಮ್ಮಾ ಅಂದರೆ, "ಅದನ್ನೆಲ್ಲ ವಿಮರ್ಶೆಯಲ್ಲಿ ಬರೀತಾರಾ ಸರ್?" ಅಂದಳು.

ಈ ಪ್ರಶ್ನೆ ಕೇಳುವ ಹುಡುಗ ಹುಡುಗಿಯರು ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಸಿನಿಮಾ ಗೊತ್ತು, ಊರು ಗೊತ್ತು. ತಮಗೆ ಗೊತ್ತಿರುವುದು ಬರೆಯಲು ಯೋಗ್ಯ ಅಂತ ಮಾತ್ರ ಯಾರೂ ಹೇಳಿರುವುದಿಲ್ಲ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೂತವನು. ಈಗ ಹಾಸನದಲ್ಲಿ ಇಂಥವರ ಒಂದು ಸಣ್ಣ ಗುಂಪು ನಡೆಸುತ್ತೇನೆ. ನೀವು ಮೇಷ್ಟ್ರೋ, ವರದಿಗಾರರೋ, ಬರೀ ಸಿನಿಮಾ ಹುಚ್ಚಿನವರೋ ಆಗಿದ್ದು ಇಂಥದ್ದೊಂದು ಶುರು ಮಾಡಬೇಕು ಅಂತಿದ್ದರೆ, ಆರು ತಿಂಗಳಲ್ಲಿ ಹೇಗೆ ಮಾಡಬಹುದು ಅಂತ ಇಲ್ಲಿ ಹೇಳುತ್ತೇನೆ. ನಾನು ಎಡವಿದ ಜಾಗಗಳೂ ಇವೆ.

ಮೊದಲು ಬಸ್ಸು, ಆಮೇಲೆ ಪಾಠ

ಎಲ್ಲರೂ ಸಿಲಬಸ್‌ನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮೊದಲ ಬ್ಯಾಚಿನಲ್ಲಿ ಇಬ್ಬರು ಮೂರನೇ ವಾರಕ್ಕೇ ಬಿಟ್ಟರು. ಆಸಕ್ತಿ ಇಲ್ಲ ಅಂದುಕೊಂಡೆ. ವಿಚಾರಿಸಿದರೆ, ಕ್ಲಾಸು ಮುಗಿಯುವುದು ಏಳಕ್ಕೆ, ಅವರ ಊರಿಗೆ ಕೊನೇ ಬಸ್ಸು ಆರೂವರೆಗೆ.

ಹಾಗಾಗಿ ಮೊದಲ ಕೆಲಸ: ಬರುವವರ ಊರಿನ ಕೊನೇ ಬಸ್ಸಿನ ಸಮಯವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಲೂರು, ಬೇಲೂರು, ಅರಕಲಗೂಡು, ಮೂಡಿಗೆರೆ, ಯಾವುದೇ ಇರಲಿ. ಆ ಹಾಳೆ ನೋಡಿಕೊಂಡೇ ಕ್ಲಾಸಿನ ಸಮಯ ಗೊತ್ತು ಮಾಡಿ. ನಮ್ಮದು ಈಗ ಭಾನುವಾರ ಬೆಳಗ್ಗೆ. ಸಿನಿಮಾ ನೋಡುವುದೂ ಬೆಳಗಿನ ಆಟವೇ. ಸಂಜೆಯ ಫಸ್ಟ್ ಶೋ ಮುಗಿಯುವಷ್ಟರಲ್ಲಿ ಮಲೆನಾಡಿನ ಊರುಗಳ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಇದರಿಂದ ಆದ ಬದಲಾವಣೆ ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಬ್ಯಾಚಿಗೆ ಒಬ್ಬಳು ಹುಡುಗಿ ಬಂದರೆ ಹೆಚ್ಚು, ಈಗ ಅರ್ಧಕ್ಕರ್ಧ. ಆದರೆ ಸರ್ಕಾರಿ ಬಸ್ಸೇ ಹೋಗದ, ಖಾಸಗಿ ಬಸ್ಸನ್ನೇ ನಂಬಿರುವ ಊರುಗಳು ಚಿಕ್ಕಮಗಳೂರು ಕಡೆ ಬೇಕಾದಷ್ಟಿವೆ. ಅಲ್ಲಿಯವರಿಗೆ ಚಾರ್ಜು ನೀವೇ ಕೊಡಬೇಕು.

ನಮ್ಮ ತಿಂಗಳ ಲೆಕ್ಕ ಹೀಗೆ: ಆರು ಜನಕ್ಕೆ ತಲಾ ಎರಡು ಸಿನಿಮಾ, ಟಿಕೆಟ್ 150 ರೂಪಾಯಿ ಅಂದರೆ 1,800. ಬಸ್ ಚಾರ್ಜು 900. ನಾಲ್ಕು ಭಾನುವಾರದ ತಿಂಡಿ, ಟೀ 1,200. ಒಬ್ಬೊಬ್ಬರಿಗೂ ತಿಂಗಳಿಗೆ ಒಂದು ಲೇಖನಕ್ಕೆ 300 ರೂಪಾಯಿಯಂತೆ 1,800. ಒಟ್ಟು 5,700. ಆರು ತಿಂಗಳಿಗೆ 34,200. ನಾಲ್ಕೈದು ಸ್ನೇಹಿತರು ಸೇರಿದರೆ ಎತ್ತಬಹುದಾದ ದುಡ್ಡು. ಒಬ್ಬ ಕಾಫಿ ಬೆಳೆಗಾರರು, ಇಬ್ಬರು ನಿವೃತ್ತ ಲೆಕ್ಚರರ್‌ಗಳು ನಮಗೆ ಕೊಡುತ್ತಾರೆ. ಸಿನಿಮಾ ನಿರ್ಮಾಪಕರಿಂದ ಒಂದು ರೂಪಾಯಿಯನ್ನೂ ತಗೊಳ್ಳಬೇಡಿ. ಯಾಕೆ ಅಂತ ಹೇಳಬೇಕಾ?

ಲೇಖನಕ್ಕೆ ದುಡ್ಡು ಕೊಡುವುದನ್ನು ಮಾತ್ರ ತಪ್ಪಿಸಬೇಡಿ. "ಕಲಿಯುವಾಗ ದುಡ್ಡು ಯಾಕೆ" ಅನ್ನುವವರು ಇದ್ದಾರೆ. ಭಾನುವಾರ ಗಾರೆ ಕೆಲಸಕ್ಕೆ ಹೋಗಿ ದುಡಿಯಬಹುದಾದ ಹುಡುಗ ಆ ದಿನ ನಿಮ್ಮ ಎದುರು ಕೂತಿದ್ದಾನೆ. ಅವನ ಮನೆಯಲ್ಲಿ ಆ ಪ್ರಶ್ನೆ ದಿನಾ ಕೇಳುತ್ತಾರೆ.

ಯಾರನ್ನು ಹುಡುಕಬೇಕು, ಎಲ್ಲಿ

ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿದರೆ ಯಾವಾಗಲೂ ಬರುವವರೇ ಬರುತ್ತಾರೆ: ಭಾಷಣ ಸ್ಪರ್ಧೆಯ ಮೊದಲ ಬೆಂಚಿನವರು. ನಾವು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್‌ಗಳಿಗೆ ಹೋದೆವು. ಪಂಚಾಯ್ತಿಗಳ ಅರಿವು ಕೇಂದ್ರಗಳಲ್ಲಿ, ಅಂದರೆ ಹಿಂದಿನ ಗ್ರಂಥಾಲಯಗಳಲ್ಲಿ, ಚೀಟಿ ಅಂಟಿಸಿದೆವು. ಬೇಲೂರು ತಾಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಸಮುದಾಯದ ದೊಡ್ಡ ಕಾಲೊನಿ ಇದೆ. ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದವರೆಗೆ ಹೋಗಿ ಬಂದವರ ಮಕ್ಕಳು ಅಲ್ಲಿದ್ದಾರೆ. ಮನೆಯಲ್ಲಿ ವಾಗ್ರಿ, ಬೀದಿಯಲ್ಲಿ ಕನ್ನಡ, ಮೊಬೈಲಿನಲ್ಲಿ ತಮಿಳು, ತೆಲುಗು ಸಿನಿಮಾ. ಇಷ್ಟು ಭಾಷೆ ಕಿವಿಯಲ್ಲಿರುವ ವಿಮರ್ಶಕ ನಿಮಗೆ ಬೇರೆಲ್ಲಿ ಸಿಗುತ್ತಾನೆ? ಇಂಥ ಕಡೆಗೆಲ್ಲ ಖುದ್ದಾಗಿ ಹೋಗಿ. ಚೀಟಿ ನೋಡಿ ತಾವಾಗಿ ಬರಲಿ ಅಂತ ಕಾಯಬೇಡಿ.

ಅರ್ಜಿ ಫಾರಂ ಬೇಡ. ಮಾರ್ಕ್ಸ್ ಕಾರ್ಡ್ ಬೇಡ. ಒಂದೇ ಒಂದು ಕೆಲಸ ಕೊಡಿ: ಮೂರು ನಿಮಿಷದ ವಾಯ್ಸ್ ನೋಟ್ ಕಳಿಸಿ, ಎಲ್ಲರೂ ಹೊಗಳಿದ ಆದರೆ ನಿಮಗೆ ಯಾಕೋ ಸರಿ ಬರದ ಒಂದು ಸಿನಿಮಾ ಬಗ್ಗೆ. ಬರೆದು ಕಳಿಸಿ ಅಂದರೆ ಪಠ್ಯಪುಸ್ತಕದ ಕನ್ನಡ ಬರುತ್ತದೆ. ಮಾತಾಡಿ ಅಂದರೆ ಮನುಷ್ಯ ಬರುತ್ತಾನೆ. ಕಣ್ಣು ಕಾಣದ ಒಬ್ಬ ಹುಡುಗ ಹೀಗೇ ನಮಗೆ ಸಿಕ್ಕಿದ. ಹಿನ್ನೆಲೆ ಸಂಗೀತ ಮಾತನ್ನು ಎಲ್ಲೆಲ್ಲಿ ನುಂಗಿ ಹಾಕಿದೆ ಅಂತ ಮೂರು ನಿಮಿಷ ಹೇಳಿದ್ದ. ಕಣ್ಣಿರುವ ನನಗೆ ಅದರಲ್ಲಿ ಅರ್ಧ ಹೊಳೆದಿರಲಿಲ್ಲ.

ಆರಕ್ಕಿಂತ ಜಾಸ್ತಿ ಜನ ಬೇಡ. ಇಪ್ಪತ್ತು ಜನ ಆದರೆ ಅದು ಕಾರ್ಯಾಗಾರ. ಸರ್ಟಿಫಿಕೇಟು, ಗ್ರೂಪ್ ಫೋಟೋ ಆಗುತ್ತದೆ, ಅಷ್ಟೇ.

ಮೆಂಟರ್ ಮತ್ತು ಒಂದು ಪುಟದ ಕರಾರು

ಒಬ್ಬ ಮೆಂಟರ್‌ಗೆ ಇಬ್ಬರು, ಹೆಚ್ಚೆಂದರೆ ಮೂವರು. ದೊಡ್ಡ ಹೆಸರಿನವರನ್ನು ಉದ್ಘಾಟನೆಗೆ ಕರೆಯಿರಿ, ಮೆಂಟರ್ ಮಾಡಬೇಡಿ. ಅವರಿಗೆ ಡ್ರಾಫ್ಟ್ ಓದಲು ಪುರುಸೊತ್ತಿರುವುದಿಲ್ಲ. ವಾರಕ್ಕೆ ಎರಡು ಗಂಟೆ ಗ್ಯಾರಂಟಿ ಕೊಡುವ ಸಬ್ ಎಡಿಟರ್ ಸಾಕು.

ಏನು ನಿರೀಕ್ಷೆ ಅನ್ನುವುದನ್ನು ಬರೆದಿಡಿ. ನಮ್ಮ ಕರಾರಿನಲ್ಲಿ ಇರುವುದಿಷ್ಟು. ಆರು ತಿಂಗಳು, ತಿಂಗಳಿಗೆ ಎರಡು ಸಲ ಒಬ್ಬೊಬ್ಬರ ಜೊತೆ ಮಾತು. ಡ್ರಾಫ್ಟ್ ಬಂದ ನಾಲ್ಕು ದಿನದೊಳಗೆ ಉತ್ತರ. ಬೈಲೈನ್, ಅಂದರೆ ಲೇಖನದ ಜೊತೆ ಅಚ್ಚಾಗುವ ಹೆಸರು, ಬರೆದವರದ್ದೇ, ಮೆಂಟರ್ ಹೆಸರು ಪಕ್ಕದಲ್ಲೂ ಬರುವಂತಿಲ್ಲ. ಭೇಟಿ ಹಗಲು ಹೊತ್ತು, ನಾಲ್ಕು ಜನ ಓಡಾಡುವ ಜಾಗದಲ್ಲಿ. ರಾತ್ರಿ ಒಂಬತ್ತರ ಮೇಲೆ ಮೆಸೇಜ್ ಇಲ್ಲ. ಸರಿ ಬರದಿದ್ದರೆ ಕಾರಣ ಹೇಳದೆ ಮೆಂಟರ್ ಬದಲಿಸಿಕೊಳ್ಳುವ ಹಕ್ಕು ಕಲಿಯುವವರಿಗೆ.

ಕೊನೆಯ ಎರಡು ಸಾಲುಗಳನ್ನು ಕೆಲವರು ಅತಿ ಅಂದರು. ಅತಿ ಅಲ್ಲ. 2024ರ ಆಗಸ್ಟ್‌ನಲ್ಲಿ ಮಲಯಾಳಂ ಚಿತ್ರರಂಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಕಿರುಕುಳದ ಬಗ್ಗೆ ಕೇರಳದ ಹೇಮಾ ಸಮಿತಿ ಕೊಟ್ಟ ವರದಿ ಹೊರಬಂದ ಮೇಲೆ, ನಮ್ಮಲ್ಲೂ ಅಂಥದ್ದೇ ಸಮಿತಿ ಬೇಕು ಅಂತ ಚಿತ್ರರಂಗದ ಕೆಲವರು ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಸೆಟ್ಟಿಗೆ, ಪ್ರೆಸ್ ಮೀಟಿಗೆ ಒಬ್ಬಳೇ ಹೋಗುವ ಹೊಸ ಹುಡುಗಿಗೂ ಅಪಾಯ ಅಷ್ಟೇ ಇದೆ. 2013ರ ಕಾಯ್ದೆ ಪ್ರಕಾರ, ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಲೈಂಗಿಕ ಕಿರುಕುಳ ಆದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಆ ಸಮಿತಿ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ, ಮೊದಲ ದಿನವೇ ಎಲ್ಲರ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿ.

ನೋಡುವುದನ್ನು ಕಲಿಯುವುದು: ಮೊದಲ ಎರಡು ತಿಂಗಳು

ಸಿನಿಮಾ ರಸಗ್ರಹಣ ಅಂದ ಕೂಡಲೇ ಪುಣೆ ನೆನಪಾಗುತ್ತದೆ. ಆದರೆ ಎಪ್ಪತ್ತರ ದಶಕದಲ್ಲೇ ಕೆ.ವಿ. ಸುಬ್ಬಣ್ಣ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದವರಿಗೆ, ಕೂಲಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಅಲ್ಲಿಗೇ ಬಂದು ಪಾಠ ಮಾಡಿದರು. ಹಳ್ಳಿಯವರಿಗೆ ಅರ್ಥವಾಗಲ್ಲ ಅನ್ನುವ ಮಾತಿಗೆ ಉತ್ತರ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ.

ನಮ್ಮ ಮೊದಲ ಕಸರತ್ತು ಇದು. ಹತ್ತು ನಿಮಿಷದ ಒಂದು ದೃಶ್ಯವನ್ನು ಮೂರು ಸಲ ನೋಡುವುದು. ಒಮ್ಮೆ ಸೌಂಡ್ ಪೂರ್ತಿ ಬಂದ್ ಮಾಡಿ. ಇನ್ನೊಮ್ಮೆ ಫೋನು ಬೋರಲು ಹಾಕಿ, ಬರೀ ಸೌಂಡ್ ಕೇಳಿ. ಮೂರನೇ ಸಲ ಎರಡೂ. ಪ್ರತಿ ಸಲವೂ ಐದೇ ಸಾಲು ಬರೆಯಬೇಕು. "ಚೆನ್ನಾಗಿದೆ", "ಅದ್ಭುತ" ಬಳಸುವಂತಿಲ್ಲ. ಕಂಡಿದ್ದು, ಕೇಳಿದ್ದು ಮಾತ್ರ. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ಯಾರ ಮುಖ ಹತ್ತಿರ, ಯಾರದ್ದು ದೂರ, ಯಾರಿಗೆ ಮಾತೇ ಇಲ್ಲ.

ಯಾವ ಸಿನಿಮಾ? ನಾನು ಊರಿನ ಹತ್ತಿರದವನ್ನೇ ಮೊದಲು ಇಟ್ಟುಕೊಳ್ಳುತ್ತೇನೆ. 1970ರ "ಸಂಸ್ಕಾರ" ತೆಗೆದಿದ್ದು ಚಿಕ್ಕಮಗಳೂರು ಜಿಲ್ಲೆಯಲ್ಲೇ, ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಸೆನ್ಸಾರ್ ಅದನ್ನು ತಡೆದಿತ್ತು. ಆಮೇಲೆ ಅದೇ ಸಿನಿಮಾ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೆಯಿತು. ನಿರ್ದೇಶಕ ತೆಲುಗಿನವರು, ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಹೊರಗಿನ ಕಣ್ಣಿಗೆ ಅಗ್ರಹಾರ ಹೇಗೆ ಕಂಡಿತು? ಸತ್ತ ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಕಡೆಯಿಂದ ಇದೇ ಕತೆ ಬರೆದರೆ ಮೊದಲ ದೃಶ್ಯ ಯಾವುದಾಗುತ್ತೆ? ಈ ಎರಡು ಪ್ರಶ್ನೆಗೆ ಒಂದು ಭಾನುವಾರ ಸಾಲುವುದಿಲ್ಲ.

ಇನ್ನೊಂದು "ಹಸೀನಾ", 2004ರದ್ದು. ಗಿರೀಶ್ ಕಾಸರವಳ್ಳಿ ಅದನ್ನು ಮಾಡಿದ್ದು ಬಾನು ಮುಷ್ತಾಕ್ ಅವರ "ಕರಿ ನಾಗರಗಳು" ಕತೆಯಿಂದ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಬಾನು ಮುಷ್ತಾಕ್ ಎಲ್ಲರಿಗೂ ಗೊತ್ತು. ಅದಕ್ಕೂ ಎಷ್ಟೋ ವರ್ಷ ಮುಂಚೆ ಅವರು ಹಾಸನದಿಂದ ಲಂಕೇಶ್ ಪತ್ರಿಕೆಗೆ ವರದಿ ಮಾಡುತ್ತಿದ್ದವರು. ಇದನ್ನು ಹೇಳಿದಾಗ ನಮ್ಮ ಗುಂಪಿನ ಇಬ್ಬರು ಮುಸ್ಲಿಂ ಹುಡುಗಿಯರ ಮುಖ ನೋಡಬೇಕಿತ್ತು. ಕತೆ ಮೊದಲು ಓದಿಸಿ, ಆಮೇಲೆ ಸಿನಿಮಾ ತೋರಿಸಿ. ಕತೆಯಿಂದ ಸಿನಿಮಾಕ್ಕೆ ಬರುವಾಗ ಏನು ಬಿಟ್ಟುಹೋಯಿತು, ಏನು ಹೊಸದಾಗಿ ಬಂತು ಅಂತ ಪಟ್ಟಿ ಮಾಡಿಸಿ.

ತೋರಿಸುವಾಗ ಒಂದು ಎಚ್ಚರ. ಕಾಲೇಜಿನೊಳಗೆ, ಅಲ್ಲಿಯ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗೆ ಮಾತ್ರ ಪಾಠದ ಭಾಗವಾಗಿ ತೋರಿಸಲು ಕಾಪಿರೈಟ್ ಕಾಯ್ದೆ ಅವಕಾಶ ಕೊಡುತ್ತದೆ. ಹೊರಗಿನವರನ್ನು ಸೇರಿಸಿ ಹಾಲ್‌ನಲ್ಲಿ ಹಾಕುವುದಾದರೆ ಹಕ್ಕುದಾರರ ಅನುಮತಿ ಬೇಕು. ನಾವು ಸಿನಿಮಾವನ್ನು ಅವರವರೇ ನೋಡಿಕೊಂಡು ಬನ್ನಿ ಅನ್ನುತ್ತೇವೆ, ಭಾನುವಾರ ಬರೀ ಚರ್ಚೆ.

ಥಿಯೇಟರಿನ ಕತ್ತಲಲ್ಲಿ ನೋಟ್ಸ್ ಮಾಡುವುದೂ ಒಂದು ವಿದ್ಯೆ. ಫೋನ್ ತೆಗೆಯಬೇಡಿ, ಹಿಂದಿನವರು ಬೈತಾರೆ. ಸಣ್ಣ ನೋಟ್‌ಬುಕ್, ಪೆನ್ಸಿಲ್. ಎಡಗೈ ಹೆಬ್ಬೆರಳನ್ನು ಸಾಲಿನ ಶುರುವಿನಲ್ಲಿಟ್ಟು ಬರೆಯಿರಿ, ಒಂದು ಸಾಲಾದ ಮೇಲೆ ಬೆರಳು ಕೆಳಗೆ ಇಳಿಸಿ. ಇಲ್ಲದಿದ್ದರೆ ಸಾಲಿನ ಮೇಲೆ ಸಾಲು ಬಿದ್ದು ಮನೆಗೆ ಹೋಗಿ ನೋಡಿದರೆ ರಂಗೋಲಿ. ಶುರುವಿನಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟನ್ನೂ ಓದಿ. ಎಷ್ಟು ನಿಮಿಷ, ಯಾವ ದರ್ಜೆ ಅಂತ ಅದರಲ್ಲೇ ಇದೆ. ಹಿಂದೆ ಬರೀ ಯುಎ ಅಂತ ಇದ್ದಿದ್ದು 2024ರ ನಿಯಮಗಳಿಂದ ಯುಎ 7+, 13+, 16+ ಅಂತ ಮೂರಾಗಿದೆ. ಮಕ್ಕಳನ್ನು ಕರ್ಕೊಂಡು ಹೋಗಬಹುದಾ ಅಂತ ಕೇಳುವ ಓದುಗರಿಗೆ ಇದು ಬೇಕಾದ ಮಾಹಿತಿ.

ಬರೆಯುವುದು

ಮೊದಲ ವಾರವೇ ಗೋಡೆಗೆ ಒಂದು ಹಾಳೆ ಅಂಟಿಸುತ್ತೇವೆ: "ಇವು ಬೇಡ". ಕಣ್ಮನ ತಣಿಸುತ್ತದೆ. ಹಾಡುಗಳು ಗುನುಗುವಂತಿವೆ. ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ. ಕತ್ತರಿ ಇನ್ನಷ್ಟು ಹರಿತವಾಗಬೇಕಿತ್ತು. ಒಂದು ಸಲ ನೋಡಬಹುದು. ನಾನೇ ಡೆಸ್ಕಿನಲ್ಲಿ ಕೂತು ಇವನ್ನು ಸಾವಿರ ಸಲ ಪಾಸು ಮಾಡಿದ್ದೇನೆ, ಅದಕ್ಕೇ ಇಷ್ಟು ಕೋಪ.

ಕಸರತ್ತು: ಸಿನಿಮಾ ನೋಡಿ ಬಂದ ಮೇಲೆ 90 ನಿಮಿಷದಲ್ಲಿ 400 ಪದ. ಕತೆ ಹೇಳಲು 80 ಪದ ಮಾತ್ರ. ಉಳಿದ 320ರಲ್ಲಿ ಕನಿಷ್ಠ ಎರಡು ದೃಶ್ಯ ಹತ್ತಿರದಿಂದ ಬರಬೇಕು. ಕೈಯಲ್ಲಿ ಬರೆಯಲು ಕಷ್ಟ ಆಗುವವರು ಮೊದಲು ಫೋನಿಗೆ ಮಾತಾಡಿ, ವಾಯ್ಸ್ ಟೈಪಿಂಗ್‌ನಲ್ಲಿ ಇಳಿಸಿ, ಆಮೇಲೆ ತಿದ್ದಲಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಆ ಲೈನ್ ಮನೆ ಹುಡುಗಿಯ ಮೊದಲ ಡ್ರಾಫ್ಟ್ ಹೀಗಿತ್ತು:

"ಮಲೆನಾಡಿನ ಪ್ರಕೃತಿ ಸೌಂದರ್ಯ ಕಣ್ಮನ ತಣಿಸುತ್ತದೆ. ಛಾಯಾಗ್ರಾಹಕರ ಕೈಚಳಕ ಮೆಚ್ಚುವಂಥದ್ದು. ಕಾಫಿ ತೋಟದ ಕೂಲಿಯಾಗಿ ನಾಯಕಿ ಗಮನ ಸೆಳೆಯುತ್ತಾರೆ."

ನಾನು ಅದಕ್ಕೆ ಒಂದೂ ತಿದ್ದುಪಡಿ ಮಾಡಲಿಲ್ಲ. ಪಕ್ಕದಲ್ಲಿ ಪ್ರಶ್ನೆ ಮಾತ್ರ ಬರೆದೆ. ಯಾವ ತಿಂಗಳ ಹೂ ಅದು? ನಿಮ್ಮಮ್ಮ ಚೀಲ ಎಲ್ಲಿ ಕಟ್ಟುತ್ತಾರೆ? ಕೀಳುವುದಾದ ಮೇಲೆ ಸಂಜೆ ಏನಾಗುತ್ತೆ? ನಾಲ್ಕನೇ ಡ್ರಾಫ್ಟ್ ಬಂದಿದ್ದು ಹೀಗೆ:

"ನಾಯಕಿ ಹಣ್ಣು ಕೀಳುವ ಗಿಡದ ತುಂಬ ಹೂವಿದೆ. ಅದು ಹೂ ಮಳೆ ಬಿದ್ದ ಮೇಲೆ, ಫೆಬ್ರವರಿ ಕೊನೆಗೆ, ಮಾರ್ಚಿಗೆ ಕಾಣುವ ಹೂ. ಅಷ್ಟರಲ್ಲಿ ಅರೇಬಿಕಾ ಕೊಯ್ಲು ಮುಗಿದಿರುತ್ತದೆ. ನಾಯಕಿಯ ಬೆನ್ನಿಗೆ ಬುಟ್ಟಿ ಇದೆ. ನನ್ನಮ್ಮ ಇಪ್ಪತ್ತು ವರ್ಷದಿಂದ ಸೊಂಟಕ್ಕೆ ಚೀಲ ಕಟ್ಟುತ್ತಾಳೆ. ಇಡೀ ಸಿನಿಮಾದಲ್ಲಿ ಸಂಜೆ ತೂಕ ಹಾಕುವ ದೃಶ್ಯ ಒಂದೂ ಇಲ್ಲ. ಕೊಯ್ಲಿನ ದಿನದಲ್ಲಿ ನಮ್ಮ ಲೈನಿನವರೆಲ್ಲ ಕಾಯುವುದು ಆ ತಕ್ಕಡಿಗೆ. ತಕ್ಕಡಿ ತೋರಿಸದ ಈ ಸಿನಿಮಾ ತೋಟವನ್ನು ರೆಸಾರ್ಟಿನ ಬಾಲ್ಕನಿಯಿಂದ ನೋಡಿದೆ."

ಕೊನೇ ಸಾಲು ಓದಿ ನಾನು ಎದ್ದು ಹೋಗಿ ಇನ್ನೊಂದು ಟೀ ಕುಡಿದು ಬಂದೆ.

ಒಂದು ಮಾತು ಸೇರಿಸಬೇಕು. ತಪ್ಪು ಹಿಡಿಯುವುದೇ ವಿಮರ್ಶೆ ಅಲ್ಲ. ಬುಟ್ಟಿ ತಪ್ಪು ಅಂತ ಬರೆದು ನಿಲ್ಲಿಸಿದ್ದರೆ ಅದು ಫೇಸ್‌ಬುಕ್ ಕಾಮೆಂಟ್. ಸಿನಿಮಾ ಎಲ್ಲಿ ನಿಂತು ನೋಡುತ್ತಿದೆ ಅನ್ನುವುದಕ್ಕೆ ಬುಟ್ಟಿಯನ್ನು ಸಾಕ್ಷಿ ಮಾಡಿದಳಲ್ಲ, ಅಲ್ಲಿ ಅದು ವಿಮರ್ಶೆ ಆಯಿತು. ಗುಂಪಿನಲ್ಲಿ ಈ ವ್ಯತ್ಯಾಸವನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ನನ್ನ ತಪ್ಪೂ ಹೇಳಿಬಿಡುತ್ತೇನೆ. ಮೊದಲ ಬ್ಯಾಚಿನ ಒಬ್ಬ ಹುಡುಗನ ಲೇಖನವನ್ನು ಡೆಡ್‌ಲೈನ್ ಗಡಿಬಿಡಿಯಲ್ಲಿ ನಾನೇ ಪೂರ್ತಿ ತಿರುಗಿಸಿ ಬರೆದೆ. ಚೆನ್ನಾಗಿ ಅಚ್ಚಾಯಿತು. ಅವನಿಗೆ ತೋರಿಸಿದರೆ, "ಚೆನ್ನಾಗಿದೆ ಸರ್, ಆದರೆ ಇದು ನಿಮ್ದು" ಅಂದ. ಮುಂದಿನ ಲೇಖನ ಕಳಿಸಲೇ ಇಲ್ಲ. ಅಂದಿನಿಂದ ಡ್ರಾಫ್ಟಿನ ಮೇಲೆ ಪ್ರಶ್ನೆ ಮಾತ್ರ.

ವಿಮರ್ಶೆ ಒಂದೇ ಪತ್ರಿಕೋದ್ಯಮ ಅಲ್ಲ

ಗಾಂಧಿನಗರ ನಮ್ಮಿಂದ 180 ಕಿಲೋಮೀಟರಿಗೂ ದೂರ. ಹೀರೋ ಸಂದರ್ಶನಕ್ಕೆ ನಾವು ಪೈಪೋಟಿ ಮಾಡಲಾರೆವು, ಮಾಡುವುದೂ ಬೇಡ. ನಮ್ಮ ಕಡೆ ಇರುವ ಸುದ್ದಿ ಬೇರೆ. ರೀಲು ಹೋಗಿ ಯುಎಫ್‌ಒ, ಕ್ಯೂಬ್ ಥರದ ಡಿಜಿಟಲ್ ಪ್ರದರ್ಶನ ಬಂದ ಮೇಲೆ ಹಳೇ ಪ್ರೊಜೆಕ್ಟರ್ ಆಪರೇಟರುಗಳು ಏನಾದರು? ತಾಲೂಕಿನ ಟಾಕೀಸು ಕಲ್ಯಾಣ ಮಂಟಪ ಆಗಿದ್ದು ಯಾವಾಗ? ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನಲ್ಲಿ ಶೂಟಿಂಗ್ ನಡೆದಾಗ ಊರಿನವರಿಗೆ ಏನು ಸಿಗುತ್ತೆ? ಬೇಲೂರು, ಹಳೇಬೀಡಿನಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು, ಅದನ್ನು ಸಣ್ಣ ತಂಡಗಳು ಹೇಗೆ ದಾಟುತ್ತವೆ? ಶೂಟಿಂಗಿಗೆ ಜನ ಬೇಕು ಅಂತ ಹಳ್ಳಿಯಿಂದ ಲಾರಿಯಲ್ಲಿ ಕರ್ಕೊಂಡು ಹೋದವರಿಗೆ ದಿನಕ್ಕೆ ಎಷ್ಟು ಕೊಟ್ಟರು, ಊಟ ಎಲ್ಲಿ ಹಾಕಿದರು? ಒಬ್ಬೊಬ್ಬರೂ ಇಂಥದ್ದೊಂದು ವರದಿ ಮಾಡಲೇಬೇಕು. ಮೂರು ಜನರ ಜೊತೆ ಮಾತಾಡಿರಬೇಕು, ಅದರಲ್ಲಿ ಒಬ್ಬರು ವಿರುದ್ಧ ಅಭಿಪ್ರಾಯದವರು. ಕೆಲಸ ಕಳೆದುಕೊಳ್ಳುವ ಭಯ ಇರುವವರ ಹೆಸರು ಹಾಕಬಾರದು.

ಅಂಕಿಗಳ ಪಾಠ ಒಂದು ಭಾನುವಾರ ಇಡಿ. "ನೂರು ಕೋಟಿ" ಅಂತ ಪೋಸ್ಟರ್ ಬಂದ ಕೂಡಲೇ ಬರೆದುಬಿಡುತ್ತಾರೆ. ಗ್ರಾಸ್ ಅಂದರೆ ಟಿಕೆಟ್ ಮಾರಿ ಬಂದ ಪೂರ್ತಿ ದುಡ್ಡು. ತೆರಿಗೆ ಕಳೆದರೆ ನೆಟ್. ಥಿಯೇಟರಿನವರ ಪಾಲು ಕಳೆದು ವಿತರಕರಿಗೆ ಬರುವುದು ಶೇರ್. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇಕಡಾ 5, ಅದಕ್ಕಿಂತ ಮೇಲೆ ಶೇಕಡಾ 18 ಜಿಎಸ್‌ಟಿ. ಅಂದರೆ 200 ರೂಪಾಯಿ ಟಿಕೆಟ್ಟಿನಲ್ಲಿ ಸಿನಿಮಾಕ್ಕೆ ಉಳಿಯುವುದು 169 ರೂಪಾಯಿ ಚಿಲ್ಲರೆ, ಅದೂ ಥಿಯೇಟರಿನ ಪಾಲು ಕೊಡುವ ಮುಂಚೆ. ಪೋಸ್ಟರಿನ ಅಂಕಿ ಇವು ಮೂರರಲ್ಲಿ ಯಾವುದು ಅಂತ ಕೇಳದೆ ಬರೆಯಬೇಡಿ. ಉತ್ತರ ಸಿಗದಿದ್ದರೆ "ನಿರ್ಮಾಪಕರು ಹೇಳಿಕೊಂಡಂತೆ" ಅಂತ ಸೇರಿಸಿ.

ಕಾನೂನು ಮತ್ತು ಕವರು

ಹೊಸಬರು ಹೆದರುವುದು ಮಾನನಷ್ಟ ಕೇಸಿಗೆ. ಹಿಂದೆ ಐಪಿಸಿ 499, 500 ಇದ್ದಿದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಆಗಿದೆ. ಅದರ ಆರನೇ ವಿನಾಯಿತಿ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು: ಜನರ ತೀರ್ಪಿಗೆ ಅಂತ ಮುಂದಿಟ್ಟ ಕೃತಿ, ಪ್ರದರ್ಶನದ ಬಗ್ಗೆ ಸದುದ್ದೇಶದಿಂದ ಅಭಿಪ್ರಾಯ ಹೇಳಿದರೆ ಅದು ಮಾನನಷ್ಟ ಅಲ್ಲ. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ. ಪುಸ್ತಕ ಓದಿ, ಪುಸ್ತಕ ಮೂರ್ಖತನದ್ದು, ಬರೆದವನು ದುರ್ಬಲನಿರಬೇಕು ಅಂದರೆ ಪರವಾಗಿಲ್ಲ. ಬರೆದವನು ದುರ್ಬಲ, ಹಾಗಾಗಿ ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯ ಇಲ್ಲ ಅಂದರೆ ರಕ್ಷಣೆ ಇಲ್ಲ. ಕೃತಿಯಿಂದ ಮನುಷ್ಯನ ಕಡೆಗೆ ಹೋಗಬಹುದು, ಮನುಷ್ಯನಿಂದ ಕೃತಿಗೆ ಬರುವಂತಿಲ್ಲ. ನಟನ ಮನೆ ವಿಷಯ ತಂದರೆ ನೀವು ಒಬ್ಬರೇ.

ಥಿಯೇಟರಿನಲ್ಲಿ ಪರದೆಯನ್ನು ಹತ್ತು ಸೆಕೆಂಡೂ ರೆಕಾರ್ಡ್ ಮಾಡಬೇಡಿ, ಸ್ಟೇಟಸ್‌ಗೆ ಅಂತಲೂ ಬೇಡ. 2023ರ ತಿದ್ದುಪಡಿ ಪ್ರಕಾರ ಕನಿಷ್ಠ ಶಿಕ್ಷೆಯೇ ಮೂರು ತಿಂಗಳ ಜೈಲು, 3 ಲಕ್ಷ ರೂಪಾಯಿ ದಂಡ.

ಇನ್ನು ಕವರು. ಪ್ರೆಸ್ ಮೀಟ್ ಮುಗಿದ ಮೇಲೆ ಕೈಗೆ ಒಂದು ಲಕೋಟೆ ಬರುವುದುಂಟು. "ಎಲ್ಲರೂ ತಗೋತಾರೆ" ಅಂತಾರೆ. 300 ರೂಪಾಯಿ ಲೇಖನಕ್ಕೆ ದುಡಿಯುವ ಹುಡುಗನಿಗೆ 1,000 ರೂಪಾಯಿ ಕವರು ಸಣ್ಣ ಮಾತಲ್ಲ. ಬರೀ ನೀತಿ ಹೇಳಿದರೆ ಅವನಿಗೆ ಅವಮಾನ ಆಗುತ್ತದೆ. ನಾವು ಹೇಳುವ ವಾಕ್ಯವನ್ನೇ ಕಲಿಸಿಕೊಡುತ್ತೇವೆ: "ನಮ್ಮ ಗುಂಪಿನ ರೂಲ್ಸ್ ಪ್ರಕಾರ ತಗೊಳ್ಳೋ ಹಾಗಿಲ್ಲ ಸರ್, ಬಸ್ ಚಾರ್ಜು ಗುಂಪೇ ಕೊಡುತ್ತೆ." ಕ್ಲಾಸಿನಲ್ಲಿ ಒಬ್ಬರು ಪಿಆರ್‌ಒ ಆಗಿ, ಇನ್ನೊಬ್ಬರು ವರದಿಗಾರರಾಗಿ ಇದನ್ನು ಆಡಿ ನೋಡುತ್ತೇವೆ. ತುಂಬ ನಗು ಬರುತ್ತದೆ, ಆದರೆ ನಾಲಿಗೆಗೆ ವಾಕ್ಯ ಕೂರುತ್ತದೆ.

ಅಚ್ಚಿಗೆ ಹೋಗುವುದು

ನಾಲ್ಕನೇ ತಿಂಗಳಿಂದ ಪಿಚ್, ಅಂದರೆ ಇಂಥ ಲೇಖನ ಬರೆಯಲಾ ಅಂತ ಪತ್ರಿಕೆಯನ್ನು ಕೇಳುವುದು. ಸಂಪಾದಕರಿಗೆ ಕಳಿಸುವ ಪತ್ರ ಐದು ಸಾಲು ಮೀರಬಾರದು. ನಮ್ಮ ಒಬ್ಬ ಹುಡುಗ ಬರೆದಿದ್ದು: "ನಮ್ಮೂರಿನ ಟಾಕೀಸಿನಲ್ಲಿ 30 ವರ್ಷ ಪ್ರೊಜೆಕ್ಟರ್ ನಡೆಸಿದವರು ಈಗ ಅದೇ ಕಟ್ಟಡದ ಕಲ್ಯಾಣ ಮಂಟಪಕ್ಕೆ ವಾಚ್‌ಮನ್. ಅವರ ಜೊತೆ ಎರಡು ದಿನ ಮಾತಾಡಿದ್ದೇನೆ. 700 ಪದ, 3 ಫೋಟೋ. ಬುಧವಾರದೊಳಗೆ ಕೊಡುತ್ತೇನೆ. ಸಂಭಾವನೆ ಎಷ್ಟು ಅಂತ ದಯವಿಟ್ಟು ತಿಳಿಸಿ." ಕೊನೇ ಸಾಲು ಬರೆಯಲು ಅವನಿಗೆ ಕೈ ನಡುಗಿತ್ತು. ಬರೆಸಿದೆ. ಸಂಪಾದಕರು ಬೇಜಾರು ಮಾಡಿಕೊಳ್ಳಲಿಲ್ಲ, ಮೊತ್ತ ಹೇಳಿದರು.

ಸಣ್ಣ ಉಪದ್ರವ ಫಾಂಟು. ಕೆಲವು ಪತ್ರಿಕೆಗೆ ಯೂನಿಕೋಡ್, ಕೆಲವಕ್ಕೆ ಇನ್ನೂ ನುಡಿ ಅಥವಾ ಬರಹದ ಹಳೇ ಫಾಂಟ್. ಕನ್ವರ್ಟ್ ಮಾಡುವಾಗ ಅರ್ಕಾವತ್ತು, ಒತ್ತಕ್ಷರ ಕೆಡುತ್ತವೆ. ಕಳಿಸುವ ಮುಂಚೆ ಒಮ್ಮೆ ಓದಲೇಬೇಕು.

ಮೊದಲು ಜಿಲ್ಲೆಯ ದಿನಪತ್ರಿಕೆ, ಆಮೇಲೆ ರಾಜ್ಯದ ಪುರವಣಿಗಳು. ಹಾಸನ ಆಕಾಶವಾಣಿಯಲ್ಲಿ ಯುವಜನರ ಕಾರ್ಯಕ್ರಮ ಇದೆಯಾ ಅಂತ ಕೇಳಿ, ಮಾತಿನಲ್ಲಿ ಜಾಣರಾದವರಿಗೆ ಅದು ಒಳ್ಳೇ ಜಾಗ. ಪತ್ರಿಕೋದ್ಯಮ ಓದಿದ ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ವಾರ್ತಾ ಇಲಾಖೆ ಅಪ್ರೆಂಟಿಸ್ ತರಬೇತಿಗೆ ಅರ್ಜಿ ಕರೆಯುವುದುಂಟು. ಜಿಲ್ಲಾ ವಾರ್ತಾ ಕಚೇರಿಗೆ ಆಗಾಗ ಹೋಗಿ ವಿಚಾರಿಸುತ್ತಿರಿ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಸಿಗುತ್ತದೆ. ಇಬ್ಬರನ್ನಾದರೂ ಕಳಿಸಿ. ಉಳಿಯಲು ಜಾಗ ಮೊದಲೇ ಗೊತ್ತು ಮಾಡಿ, ದಿನಕ್ಕೆ ನಾಲ್ಕು ಸಿನಿಮಾ ಬೇಡ, ಎರಡು ಸಾಕು ಅಂತ ಹೇಳಿ. ಯಾರೂ ಕೇಳುವುದಿಲ್ಲ, ಆದರೂ ಹೇಳಿ.

ಸಂಪಾದಕರ ಜೊತೆ ಒಂದು ವಿಷಯದಲ್ಲಿ ನೀವು ಜಗಳ ಆಡಬೇಕಾಗಬಹುದು. ದಲಿತ ಹುಡುಗ ಅಂದ ಕೂಡಲೇ ಜಾತಿ ಸಿನಿಮಾ ಬಂದಾಗ ಮಾತ್ರ ಫೋನ್ ಮಾಡುತ್ತಾರೆ. ಮುಸ್ಲಿಂ ಹುಡುಗಿಗೆ ಹಿಜಾಬ್ ಬಗ್ಗೆ ಬರೀತೀಯಾ ಅಂತಾರೆ. ನಮ್ಮಲ್ಲಿ ಒಬ್ಬನಿಗೆ ಇಷ್ಟವಾದದ್ದು ದೆವ್ವದ ಸಿನಿಮಾ. ಹಾರರ್ ಬಿಟ್ಟು ಬೇರೆ ಬರೆಯಲ್ಲ ಅಂತಾನೆ. ಅವನಿಗೆ ಬಂದ ಮೊದಲ ಆರ್ಡರು "ನಿಮ್ಮ ಸಮುದಾಯದ ನೋವು" ಅಂತ. ನಾನೇ ಫೋನ್ ಮಾಡಿ, ಈ ವಾರ ದೆವ್ವದ ಸಿನಿಮಾ ಒಂದು ಬಿಡುಗಡೆ ಇದೆ, ಅದನ್ನು ಕೊಡಿ ಅಂದೆ. ಕೊಟ್ಟರು. ಚೆನ್ನಾಗಿ ಬರೆದ.

ಆರು ತಿಂಗಳಾದ ಮೇಲೆ

ಒಂದು ಪಟ್ಟಿ ಇಟ್ಟುಕೊಳ್ಳಿ: ಯಾರು, ಎಲ್ಲಿ, ಏನು ಬರೆದರು, ದುಡ್ಡು ಬಂತಾ. ಬಾರದ ದುಡ್ಡಿಗೆ ನೆನಪಿನ ಮೇಲ್ ಹಾಕುವುದು ಮೆಂಟರ್ ಕೆಲಸ, ಹೊಸಬರಿಗೆ ಸಂಕೋಚ ಆಗುತ್ತದೆ. ಹಳೇ ಬ್ಯಾಚಿನ ಒಬ್ಬರನ್ನಾದರೂ ಮುಂದಿನ ಬ್ಯಾಚಿಗೆ ಮೆಂಟರ್ ಮಾಡಿ, ಅವರಿಗೂ ಏನಾದರೂ ಕೊಡಿ. ಗುಂಪು ಮುಗಿದರೂ ನಾಲ್ಕು ದಿನದ ನಿಯಮ ಮುಗಿಯುವುದಿಲ್ಲ, ಡ್ರಾಫ್ಟ್ ಯಾವಾಗ ಕಳಿಸಿದರೂ ಓದುತ್ತೇವೆ.

ಆ ಲೈನ್ ಮನೆ ಹುಡುಗಿ ಈಗ ಮೂಡಿಗೆರೆ ಕಡೆ ಶೂಟಿಂಗಿಗೆ ತೋಟ ಬಾಡಿಗೆ ಕೊಡುವವರ ಬಗ್ಗೆ ಬರೆಯುತ್ತಿದ್ದಾಳೆ. ಆ ದಿನಗಳಲ್ಲಿ ಕೂಲಿಯವರಿಗೆ ಕೆಲಸ ಇರುತ್ತಾ, ರಜೆಯಾ, ರಜೆಗೆ ಸಂಬಳ ಉಂಟಾ ಅಂತ ಕೇಳಿಕೊಂಡು ಬಂದಿದ್ದಾಳೆ. ಡ್ರಾಫ್ಟ್ ಬಂದು ಮೂರು ದಿನ ಆಯ್ತು. ನಾಳೆಯೊಳಗೆ ನಾನು ಉತ್ತರ ಕೊಡಬೇಕು.